ಹನ್ನೊಂದನೇ ಸಾಲು

ಜುಲೈ ಬಂದರೆ ಬ್ಲಾಂಟೈರಿಗೆ ಚಿಪೆರೋನಿ ಬರುತ್ತದೆ.
ಮಳೆ ಅನ್ನುವಷ್ಟಿಲ್ಲ, ಮಂಜು ಅನ್ನಲೂ ಮನಸ್ಸು ಬಾರದು;
ಎನ್ದಿರಾಂಡೆ ಗುಡ್ಡಕ್ಕೆ ಒದ್ದೆ ಕಂಬಳಿ ಹೊದಿಸಿ
ವಾರಗಟ್ಟಲೆ ಕೂತುಬಿಡುತ್ತದೆ.
ಆಸ್ಪತ್ರೆಯ ಹಿಂದಿನ ಲ್ಯಾಬಿನಲ್ಲಿ ಬೆಚ್ಚಗಿರುವುದು
ಮೂವತ್ತೇಳು ಡಿಗ್ರಿಯ ಆ ಪೆಟ್ಟಿಗೆ ಒಂದೇ.
ಅದಕ್ಕೆ ಬೆನ್ನು ಕೊಟ್ಟು ಚಹಾ ಕುಡಿಯುತ್ತೇನೆ.
ಕುಡಿಯಬಾರದು. ಗೊತ್ತು.

ಕೆಲಸ ಇಷ್ಟು: ರಕ್ತವನ್ನು ಇನ್ನೊಂದು ದ್ರವದ ಮೇಲೆ
ಮಲಗಿದ ಮಗುವಿಗೆ ಹೊದಿಕೆ ಎಳೆದ ಹಾಗೆ ಹಾಸಬೇಕು.
ಗಿರಗಿರ ತಿರುಗಿಸಬೇಕು, ಬ್ರೇಕ್ ಹಾಕದೆ,
ತಾನೇ ದಣಿದು ನಿಲ್ಲುವವರೆಗೆ.
ಕೆಂಪು ತಳಕ್ಕೆ, ಹಳದಿ ಮೇಲಕ್ಕೆ,
ನಡುವೆ ಗಂಜಿತಿಳಿಯಂಥ ಒಂದು ತೆಳು ಉಂಗುರ.
ಬಿಳಿಕೋಶಗಳು; ಹಗೆಯ ಮುಖ ಮರೆಯದ ಜಾತಿ.
ನೀಲಿ ಬೆರೆಸಿ ಎಣಿಸುತ್ತೇನೆ:
ಸತ್ತವು ನೀಲಿ ಕುಡಿಯುತ್ತವೆ,
ಬದುಕಿದ್ದವು ಒಲ್ಲೆವೆನ್ನುತ್ತವೆ.

ತಟ್ಟೆಯಲ್ಲಿ ತೊಂಬತ್ತಾರು ಗುಳಿ.
ಮಾವಿನ ಮರದಡಿ ಅಜ್ಜ ಆಡುತ್ತಿದ್ದ ಬಾವೋ ಮಣೆ
ಮೂರು ಜೋಡಿಸಿದರೆ ಸರಿಯಾಗಿ ಅಷ್ಟೇ.
ಅಲ್ಲಿ ಎರಡೆರಡು ಬೀಜ, ಇಲ್ಲಿ ಗುಳಿಗೆ ಎರಡು ಲಕ್ಷ ಕೋಶ,
ಜೊತೆಗೆ ವಿಷಮಶೀತಜ್ವರದ ಕ್ರಿಮಿಯ ಒಂದು ಚೂರು,
ಸತ್ತದ್ದು, ಬರೀ ಗುರುತಿಗೆ:
ಇವನನ್ನು ಎಲ್ಲಾದರೂ ನೋಡಿದ್ದೀರಾ?

ರಾತ್ರಿಯಿಡೀ ತಟ್ಟೆ ಅಲುಗಬಾರದು.
ಬೆಳಿಗ್ಗೆ ಕೋಶಗಳನ್ನು ತೊಳೆದು ಚೆಲ್ಲುತ್ತೇವೆ.
ಆಮೇಲೆ ಬಣ್ಣ ಹಾಕಿದರೆ,
ಕಂಡಿದ್ದೇನೆ ಎಂದು ಕೂಗಿದ ಒಂದೊಂದೂ
ಕೂತಿದ್ದ ಜಾಗದಲ್ಲಿ ಒಂದೊಂದು ನೇರಳೆ ಚುಕ್ಕೆ.
ಕೂಗಿದ್ದು ಹೋಯಿತು, ಕೂಗು ಉಳಿಯಿತು.

ಹತ್ತು ಸಾಲು ಜ್ವರ ಬಂದು ಹೋದವರು:
ಒಣಮೀನು ಮಾರುವವರು, ಮಿನಿಬಸ್ಸಿಗೆ ನೇತಾಡಿ
ಊರಿನ ಹೆಸರು ಕೂಗುವ ಹುಡುಗರು, ಒಬ್ಬ ಪಾದ್ರಿ.
ಹನ್ನೊಂದನೆಯದು ನಾನು.
ಜ್ವರವನ್ನೇ ಕಾಣದವನು, ಹೋಲಿಕೆಗೆಂದು ಇಟ್ಟವನು.
ಬೋಳಾಗಿರಬೇಕಾದ ಸಾಲು.

ಮಸೂರದಡಿ ನಲವತ್ತೊಂದು ಚುಕ್ಕೆ.

ಡಾಕ್ಟರ್ ಮ್ಕಂಡವಿರೆ ಕನ್ನಡಕ ಹಣೆಗೇರಿಸಿ
"ಲೇಬಲ್ ಅದಲುಬದಲಾಯಿತಾ?" ಅಂದರು.
ಇಲ್ಲ.
"ಇನ್ನೊಮ್ಮೆ ಮಾಡು."
ಇನ್ನೊಮ್ಮೆ ತೋಳು ಚಾಚಿದೆ. ಇನ್ನೊಂದು ರಾತ್ರಿ. ನಲವತ್ಮೂರು.
ಪಟ್ಟಿಯಲ್ಲಿ ನನ್ನ ನಂಬರಿನ ಮೇಲೆ ಗೆರೆ ಎಳೆದರು.
"ನೀನು ಹೋಲಿಕೆಗೆ ಆಗುವುದಿಲ್ಲ. ಏನೂ ನೆನಪಿಲ್ಲದವರು
ಯಾರಾದರೂ ಸಿಗುತ್ತಾರಾ ನೋಡು."

ನನ್ನ ಹೆಸರು ಚಿಕುಂಬುಟ್ಸೊ.
ನಮ್ಮ ಮಾತಿನಲ್ಲಿ ನೆನಪು ಎಂದೇ ಅರ್ಥ.
ಲ್ಯಾಬಿನವರು ಮಧ್ಯಾಹ್ನವೆಲ್ಲ ನಕ್ಕರು, ನಾನೂ ನಕ್ಕೆ.

ಸಂಜೆ ಮುಲಾಂಜೆಗೆ, ಅಮ್ಮನಿಗೆ ಫೋನ್ ಮಾಡಿದೆ.
ಚಿಕ್ಕಂದಿನಲ್ಲಿ ನನಗೇನಾದರೂ ದೊಡ್ಡ ಜ್ವರ ಬಂದಿತ್ತಾ?
ಆ ಕಡೆ ಎನ್ಸಿಮಾ ತಿರುವುತ್ತಿದ್ದ ಸೌಟು ನಿಂತಿತು.
"ಲಿಂಬಾನಿಗೆ ಬಂದಿತ್ತು" ಅಂದಳು.
ಅದು ಗೊತ್ತು. ನನ್ನಣ್ಣ. ನಾಲ್ಕು ವರ್ಷ.
"ಇಬ್ಬರಿಗೂ ಒಂದೇ ಚಾಪೆ, ನೀರಿಗೆ ಒಂದೇ ಬಟ್ಟಲು.
ಅವನು ಕುಡಿದು ಬಿಟ್ಟದ್ದನ್ನು ನಿನಗೆ ಕುಡಿಸಿದೆ.
ನೀರು ಚೆಲ್ಲುವ ಕಾಲವಲ್ಲ ಅದು.
ಹನ್ನೆರಡು ದಿನ ನೀನೂ ಕಾದ ಹೆಂಚಿನ ಹಾಗಿದ್ದೆ.
ನೀನು ಉಳಿದೆ. ಬಟ್ಟಲಿನ ಮಾತು ನಿನ್ನಪ್ಪನಿಗೂ ಹೇಳಿಲ್ಲ.
ಅವನನ್ನು ಮಣ್ಣು ಮಾಡಿ ಬಂದ ಮೇಲೆ
ನಿನ್ನ ಹೆಸರು ಬದಲಾಯಿಸಿದೆವು."

ಅದಕ್ಕೆ ಮುಂಚೆ ಏನಿತ್ತು ಎಂದು ಕೇಳುವಷ್ಟರಲ್ಲಿ
ಫೋನಿನ ದುಡ್ಡು ಮುಗಿಯಿತು.

ಬೆಳಕು ಬಿದ್ದರೆ ಚುಕ್ಕೆ ಮಾಸುತ್ತವೆ,
ತಟ್ಟೆಗೆ ಬೆಳ್ಳಿಕಾಗದ ಸುತ್ತಿ ಡ್ರಾಯರಿನಲ್ಲಿಡುವುದು ವಾಡಿಕೆ.
ಸುತ್ತಿದೆ. ತಾರೀಖು ಬರೆದೆ.
ರಕ್ತ ಕೊಟ್ಟವರ ಹೆಸರು ಬರೆಯುವಂತಿಲ್ಲ, ನಂಬರು ಸಾಕು.
ಆ ನಿಯಮ ಇವತ್ತು ಸಲೀಸಾಯಿತು.

ಗೇಟಿನಾಚೆ, ಹನಿಯೊಳಗೆ,
ಫೋನಿಗೆ ದುಡ್ಡು ಹಾಕುವ ಹೆಂಗಸು
ಆಗಲೇ ಕೊಡೆ ಮಡಚುತ್ತಿದ್ದಳು.
ಬಿಳಿ ಕೋಟಿನಲ್ಲೇ ಓಡಿದೆ.