ಪೊರೆ ತೆಗೆದ ಮೇಲೆ

ಉರ್ವ ಮಾರ್ಕೆಟಿನ ಎದುರು
ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿಯದೆ ನಿಂತಿದ್ದೆ.
ಶಾಲೆಯ ರಿಕ್ಷಾ ಇಳಿದ ಜೀವಿತ್
ನನ್ನ ಪಕ್ಕದಿಂದಲೇ ಹಾದು
ಬಂಗುಡೆ ಮಾರುವವಳ ಸೆರಗು ಹಿಡಿದ.
ಅದು ನನ್ನ ಹಳೆಯ ಸೀರೆಯ ಬಣ್ಣ.

"ಇಲ್ಲಿ ಮಾರಾಯ, ಇಲ್ಲಿ" ಎಂದೆ.
ದನಿ ಕೇಳಿದ್ದೇ ತಿರುಗಿ ನಕ್ಕ.
ನಗು ನನ್ನ ಕಿವಿಯೋಲೆಗೆ ಹೋಗಿ ಕೂತಿತು.

ದಪ್ಪ ಕನ್ನಡಕ ಹಾಕಿಸಿ ಡಾಕ್ಟರು
ಗೋಡೆಯ ಅಕ್ಷರ ಓದಿಸಿದರು.
ಮೇಲಿನಿಂದ ಐದನೇ ಸಾಲಿನವರೆಗೆ ತಪ್ಪಿಲ್ಲ.
"ಕಾಣ್ತದಮ್ಮ ಅವನಿಗೆ. ಕಣ್ಣು, ಮೂಗು, ಬಾಯಿ,
ಒಂದೊಂದೇ ಕಾಣ್ತದೆ.
ಎಲ್ಲ ಸೇರಿಸಿ ಒಂದು ಮುಖ ಮಾಡುವುದನ್ನು
ಮಿದುಳು ಕಲಿಯಲು ಶುರು ಮಾಡುವುದು
ಹುಟ್ಟಿದ ಮೊದಲ ತಿಂಗಳುಗಳಲ್ಲಿ.
ಬೆಳಕು ಬೇಕಿತ್ತು, ಆಗ."

ಆಗ.
ಆಗ ನಾನು ಗೇರುಬೀಜದ ಫ್ಯಾಕ್ಟರಿಗೆ ಹೋಗದೆ
ಅವನನ್ನು ತೊಡೆಯ ಮೇಲೆ ಹಾಕಿಕೊಂಡು
ಮುಖದ ಹತ್ತಿರ ಮುಖ ತಂದು
ಎಷ್ಟು ಜೋಗುಳ, ಎಷ್ಟು ಗುಮ್ಮ!
ಕಣ್ಣಪಾಪೆಯಲ್ಲಿ ಬಿಳಿ ಹೊಳೆದರೆ
ಅತ್ತೆ ಅಂದರು: ಚಂದಿರನ ಚೂರು.
ನಾನೂ ನಂಬಿದೆ. ದೃಷ್ಟಿಬೊಟ್ಟು ಇಟ್ಟೆ.
ಪೊರೆ ತೆಗೆದದ್ದು ಏಳನೇ ತಿಂಗಳಿಗೆ.
ಅಲ್ಲಿಯವರೆಗೆ ನಾನು ಅವನಿಗೆ
ಮಂಜಿನಾಚೆಯ ಒಂದು ಬಿಸಿ,
ಹಾಲಿನ ವಾಸನೆ, ಬಳೆಯ ಸದ್ದು.

ಈಗಲೂ ನಾನೆಂದರೆ
ಗೇರಿನ ಸೊನೆ ತಿಂದು ಕಪ್ಪಾದ ಬೆರಳು.
ಅಪ್ಪನೆಂದರೆ ಸ್ಕೂಟರಿನ ಕೆಮ್ಮು.
ಆಚೆಮನೆಯ ಲವೀನಾ ಬಾಯಿ, ಎಳೆಯುವ ಎಡಗಾಲು.
ಟೀಚರು ಕೂದಲು ಕತ್ತರಿಸಿಕೊಂಡ ದಿನ
ನಮ್ಮ ಟೀಚರು ಬಿಟ್ಟು ಹೋದರು ಎಂದು
ಊಟ ಬಿಟ್ಟು ಅತ್ತ.

ಒಮ್ಮೆ ಕೇಳಿದ, ದೀಪ ಆರಿಸಿದ ಮೇಲೆ:
"ಎಲ್ಲರೂ ಹೇಗೆ ಕಂಡುಹಿಡೀತಾರೆ ಅಮ್ಮ?"
"ಮುಖ ನೋಡಿ, ಮಗ."
"ಮುಖದಲ್ಲಿ ಎಲ್ಲಿ?"
ಕತ್ತಲಲ್ಲಿ ನನ್ನದೇ ಮುಖ ಮುಟ್ಟಿ ನೋಡಿಕೊಂಡೆ.
ಉತ್ತರ ಕೈಗೆ ಸಿಗಲಿಲ್ಲ.

ಮೊನ್ನೆ ಮಾರ್ನೆಮಿ.
ತಾಸೆಯ ಪೆಟ್ಟಿಗೆ ಓಣಿಯ ಹಂಚು ನಡುಗಿ
ಹನ್ನೊಂದು ಹುಲಿ ಬಂದವು,
ಅದೇ ಹಳದಿ, ಅದೇ ಪಟ್ಟೆ, ಒಂದೇ ಅಚ್ಚು.
ನನ್ನ ಅಣ್ಣ ಪುರಂದರ ಯಾವುದು?
ಹದಿನಾರು ವರ್ಷ ಜೊತೆಗೆ ಉಂಡ ಅತ್ತಿಗೆಗೇ ತಿಳಿಯದು,
ಒಡಹುಟ್ಟಿದ ನನಗೂ.
ಜೀವಿತ್ ಬೆರಳು ಚಾಚಿದ:
"ಅಗೋ, ಕಡೆಯಿಂದ ಎರಡನೇದು.
ಮಾಮ ಕಾಲು ಊರುವಾಗ
ಹಿಮ್ಮಡಿ ತಡವಾಗಿ ಬರ್ತದೆ."
ಹುಲಿ ನಕ್ಕಿತು.
ಕೆನ್ನೆಯ ಪೈಂಟು ಬಿರಿಯಿತು.

ನಾಲ್ಕು ದಿನ ಕಳೆದು
ಸೀಮೆಎಣ್ಣೆಯಲ್ಲಿ ಮೈ ತಿಕ್ಕಿ, ಬಿಳಿ ಅಂಗಿ ತೊಟ್ಟು
ಅಣ್ಣ ಬಾಗಿಲಲ್ಲಿ ಬಂದು ಸುಮ್ಮನೆ ನಿಂತಾಗ
ಹುಡುಗ ನನ್ನ ಬೆನ್ನ ಹಿಂದೆ ಅಡಗಿದ.
ಅಣ್ಣ ಏನೂ ಅನ್ನಲಿಲ್ಲ.
ಚಪ್ಪಲಿ ಬಿಟ್ಟು ಅಂಗಳಕ್ಕಿಳಿದು
ನಾಲ್ಕು ಹೆಜ್ಜೆ ನಡೆದು ತೋರಿಸಿದ.