ಲಾಟ್ ನಂಬರ್ 47

ಗುಂಪಿನ ಹೆಸರು ಈಗಲೂ ಅದೇ: ಲಾಟ್ ನಂಬರ್ 47, ಅರ್ಜೆಂಟ್.
ಗಾದಿಲಿಂಗ ಮೇಸ್ತ್ರಿ ಮಾಡಿದ್ದು, ಲೆಕ್ಕಕ್ಕೆ.
ಜೇಬು ನೂರಿಪ್ಪತ್ತು. ಜಿಪ್ಪು ತೊಂಬತ್ತು.
ದಾರ ಮುಗಿದಿದೆ. ಆಟೋ ಯಾವಾಗ?
ಎರಡು ವರ್ಷ ಇಷ್ಟೇ ಮಾತು.

ಬಳ್ಳಾರಿಯ ಜೀನ್ಸ್ ಪ್ಯಾಂಟು
ಒಂದೇ ಮನೆಯಲ್ಲಿ ಹುಟ್ಟುವುದಿಲ್ಲ.
ಒಂದು ಓಣಿಯಲ್ಲಿ ಕಾಲು, ಇನ್ನೊಂದರಲ್ಲಿ ಸೊಂಟ,
ಗುಗ್ಗರಹಟ್ಟಿಯಲ್ಲಿ ಗುಂಡಿ.
ನಾನು ಬೆಲ್ಟಿನ ಪಟ್ಟಿ ಹಚ್ಚುವವಳು.
ಜೇಬು ಹೊಲಿದು ಕಳಿಸುವವಳ ಮುಖ ನೋಡಿರಲಿಲ್ಲ;
ಮೂಲೆಗೆ ಬಂದಾಗ ಒಂದು ಹೊಲಿಗೆ ಹೆಚ್ಚು ಹಾಕುತ್ತಾಳೆ,
ಯಾರೂ ಕಾಸು ಕೊಡದ ಹೊಲಿಗೆ,
ಅಷ್ಟು ಗೊತ್ತಿತ್ತು.

ಒಂದು ಸೋಮವಾರ ಮೇಸ್ತ್ರಿ ಗುಂಪು ಬಿಟ್ಟ.
‘ಗಾದಿಲಿಂಗ ಲೆಫ್ಟ್’ ಅಂತ ಬೂದು ಅಕ್ಷರ.
ಎರಡು ವಾರದ ಕೂಲಿಯೂ ಅವನ ಜೊತೆ ಲೆಫ್ಟು.
ಇಪ್ಪತ್ತೊಂದು ಮಂದಿ ಉಳಿದೆವು.
ಮೊದಲು ಬೈಗುಳ: ಕನ್ನಡ, ತೆಲುಗು, ಉರ್ದು,
ಮೂರೂ ಸಾಲದೆ ಚಪ್ಪಲಿಯ ಚಿತ್ರ.
ಆಮೇಲೆ ಗಪ್‌ಚಿಪ್.
ಯಾರೂ ಬಿಟ್ಟುಹೋಗಲಿಲ್ಲ. ಯಾಕೋ.

ಏಪ್ರಿಲ್ ರಾತ್ರಿ, ಕರೆಂಟಿಲ್ಲ,
ತಗಡಿನ ಮನೆ ರೊಟ್ಟಿಯ ಹಂಚು.
ಎರಡು ಗಂಟೆಗೆ ಒಂದು ದನಿ ಬಂತು, ಎಂಟು ಸೆಕೆಂಡಿನದು:
“ಯಾರರ ಎಚ್ಚರ ಅದೀರೇನ್ರೀ?
ಕೆಲಸಕ್ಕಲ್ಲ. ಸುಮ್ನ ಕೇಳಿದೆ.”
ಜೇಬಿನವಳು. ಹುಸೇನಮ್ಮ ಅಂತೆ ಹೆಸರು.
ಉಗುರಿನ ಸಂದಿಯ ನೀಲಿ ಮೊಬೈಲ್ ಬೆಳಕಿಗೆ ಹಿಡಿದು
ನಾನು ಬರೆದೆ: ಹೂಂ.
ಜಿಪ್ಪಿನ ಎರ್ರೆಮ್ಮ: ಹೂಂ.
ಇಸ್ತ್ರಿಯ ಮಾಬುಸಾಬ್: ಹೂಂ, ಸೊಳ್ಳೆ.
ಏಳು ಹೂಂ ಬಂದವು ಆ ರಾತ್ರಿ.

ಗಂಡ ಪಕ್ಕದಲ್ಲೇ ಮಲಗಿದ್ದ.
ಹದಿಮೂರು ವರ್ಷದಲ್ಲಿ ಅವನಿಗೆ ಹೇಳದ್ದನ್ನು
ಅಂಗಳಕ್ಕೆ ಹೋಗಿ, ಬೆರಳು ಒತ್ತಿ ಹಿಡಿದು,
ಒಂದೂವರೆ ನಿಮಿಷ ಹೇಳಿದೆ.
ಬೆರಳು ಬಿಟ್ಟ ಮೇಲೆ ಹೆದರಿದೆ.
ಯಾರೂ ಸಮಾಧಾನ ಹೇಳಲಿಲ್ಲ.
ಹುಸೇನಮ್ಮ ಕೇಳಿದಳು, “ಉಂಡಿಯಾ?”

ಹೀಗೇ ಬೇಸಿಗೆ.
ಮೂರು ಗಂಟೆಗೆ ಮಾಬುಸಾಬ್ ಮಿರ್ಚಿ ಕರಿಯುವ ವಿವರ ಹೇಳಿ
ಎಲ್ಲರ ಹೊಟ್ಟೆ ಉರಿಸಿದ.

ಆಮೇಲೆ ಅವಳ ದನಿ ನಿಂತಿತು.
ಒಂದು ದಿನ, ಮೂರು, ಒಂಬತ್ತು.
ಎಲ್ಲರಿಗೂ ತಲುಪಿ ಒಬ್ಬಳಿಗೆ ತಲುಪದಿದ್ದರೂ
ಎರಡನೇ ಟಿಕ್ಕು ಬೀಳುವುದಿಲ್ಲ;
ಅದನ್ನು ನಾವು ಆಗ ಕಲಿತೆವು.

ಮನೆ ಎಲ್ಲಿ? ಆಟೋದವನಿಗೆ ಗೊತ್ತಿತ್ತು.
ಆಟೋದವನು ಮೇಸ್ತ್ರಿಗೆ ಗೊತ್ತಿದ್ದ.
ಅವಳ ಹಳೆಯ ದನಿಗಳನ್ನೇ ತಿರುಗಿ ಕೇಳಿದೆವು,
ಮಾತು ಬಿಟ್ಟು, ಮಾತಿನ ಹಿಂದಿನದನ್ನು.
ಗೇಟಿನ ಗಂಟೆ, ಅಂದ ಮಾಬುಸಾಬ್, ಆಮೇಲೆ ಅದಿರಿನ ಗೂಡ್ಸು,
ಎಣಿಸು, ಮುಗಿಯುವುದೇ ಇಲ್ಲ.
ಸಂಜೆಯದರಲ್ಲಿ ಖಾರದ ಗಿರಣಿ, ಅಂದಳು ಎರ್ರೆಮ್ಮ,
ಹತ್ತೊಂಬತ್ತನೇ ಸೆಕೆಂಡಿಗೆ ಸೀನುತ್ತಾಳೆ ನೋಡು.
ನನಗೆ ಕೇಳಿಸಿದ್ದು ನಲ್ಲಿಯ ಜಗಳ,
“ದರ್ಗಾದ ಬೇವಿನ ಕಡಿ ಹಚ್ಚು ಪಾಳಿ.”
ಗೇಟು, ಗಿರಣಿ, ಬೇವು.
ತುಂಡು ಕೂಡಿಸುವುದು ನಮಗೇನು ಹೊಸದಲ್ಲ.
ಕೌಲ್ ಬಜಾರಿನಲ್ಲಿ ಒಂದು ಭಾನುವಾರ ಅಲೆದೆವು.

ಬಾಗಿಲು ತೆಗೆದಳು. ಬಲಗೈಗೆ ಕಟ್ಟು;
ಸೂಜಿ ಹೆಬ್ಬೆರಳಲ್ಲೇ ಮುರಿದಿತ್ತಂತೆ.
ಡಾಕ್ಟರಿಗೆ ಕೊಡಲು ಫೋನು ಅಡವಿಟ್ಟಿದ್ದಳು.
ನಮ್ಮ ಮುಖ ನೋಡಲಿಲ್ಲ, ಉಗುರು ನೋಡಿದಳು.
“ನೀ ಬೆಲ್ಟು,” ಅಂದಳು. “ನೀ ಜಿಪ್ಪು.”

ಮುಂದೆ ಮಾತು ಹೊರಡಲಿಲ್ಲ.
ಕತ್ತಲೆಯಲ್ಲಿ ಅಷ್ಟೆಲ್ಲ ಆಡಿಕೊಂಡವರು
ಹಗಲಲ್ಲಿ ಕ್ಯಾಲೆಂಡರ್ ನೋಡುತ್ತ ಚಹಾ ಕುಡಿದೆವು.
ಅವಳು ಇಷ್ಟು ಕುಳ್ಳಿ ಅಂತ ನಾನು ತಿಳಿದಿರಲಿಲ್ಲ.
ಮಾಬುಸಾಬ್ ಹೊಸ್ತಿಲ ಆಚೆಯೇ ನಿಂತು
ಬೇವಿನ ಮರವನ್ನು ಹೊಗಳಿದ.

ತಲೆಗಿಷ್ಟು ಕೂಡಿಸಿ ಫೋನು ಬಿಡಿಸಿಕೊಟ್ಟೆವು.
ಆ ರಾತ್ರಿ, ಹನ್ನೆರಡು ದಾಟಿದ ಮೇಲೆ,
ಹಳೆಯ ಸಾಲುಗಳಿಗೆ ಎರಡನೇ ಟಿಕ್ಕು
ಒಂದೊಂದಾಗಿ ಬೀಳತೊಡಗಿತು.
ಹುಸೇನಮ್ಮ ಬರೆಯುತ್ತಿದ್ದಾಳೆ ಎಂದು ತೋರಿಸಿತು.
ಎಡಗೈ.
ತುಂಬ ಹೊತ್ತು ತೋರಿಸುತ್ತಲೇ ಇತ್ತು.