ಚಿಲ್ಲರೆ ಬಾಕಿ

ಚಾಮರಾಜಪೇಟೆಯ ಮಹಡಿಯಲ್ಲಿ
ಪ್ರಕಾಶಕ ರೇವಣಾರಾಧ್ಯರು ಕಾಫಿ ತರಿಸಿ
ಛಾಪಾ ಕಾಗದ ನನ್ನತ್ತ ತಿರುಗಿಸಿದರು:
"ಎಲ್ಲ ಮಾಮೂಲಿ, ಮೇಡಂ. ಇಂಟು ಹಾಕಿದಲ್ಲಿ ಒಂದು ಸಹಿ."

ಮಾಮೂಲಿ ಅಂದದ್ದನ್ನೇ ಎರಡು ಸಲ ಓದುತ್ತೇನೆ,
ಹತ್ತೊಂಬತ್ತು ವರ್ಷ ಪಾಸು ನೋಡಿದ ಕಣ್ಣು.

ಒಂಬತ್ತನೇ ಕಲಮು: ಉಪಹಕ್ಕುಗಳು.
ಅನುವಾದ, ನಾಟಕ, ಸಿನಿಮಾ, ಧಾರಾವಾಹಿ,
ಓದಿ ಕೇಳಿಸುವ ಪುಸ್ತಕ, ಪಠ್ಯಕ್ಕೆ ಆಯ್ದ ಭಾಗ,
ಕೊನೆಗೆ
"ಇನ್ನು ಮುಂದೆ ಕಂಡುಹಿಡಿಯಬಹುದಾದ ಯಾವುದೇ ಮಾಧ್ಯಮ."
ಇನ್ನೂ ಡಾಂಬರು ಕಾಣದ ರೂಟಿಗೆ
ಈಗಲೇ ಟಿಕೆಟ್ ಹರಿದ ಹಾಗೆ.
ಲೇಖಕಿಗೆ ನೂರಕ್ಕೆ ಇಪ್ಪತ್ತು, ಕೇಳಿದಲ್ಲಿ.

ಕೇಳಿದಲ್ಲಿ.
ಈ ಮಾತು ನನಗೆ ಗೊತ್ತು.
ಐವತ್ತರ ನೋಟಿಗೆ ಚಿಲ್ಲರೆ ಇಲ್ಲದಾಗ
ಟಿಕೆಟಿನ ಬೆನ್ನಿಗೆ ಮೂವತ್ತೆರಡು ಅಂತ ಬರೆದು
ಸುತ್ತ ಒಂದು ಸೊನ್ನೆ ಎಳೆದು ಕೊಡುತ್ತೇನೆ.
ಕಾರ್ಪೊರೇಷನ್ ಹತ್ತಿರ ಕೆಂಪು ದೀಪ ಬಿದ್ದರೆ
ಅರ್ಧ ಜನ ಮರೆತು ಧುಮುಕಿಬಿಡುತ್ತಾರೆ.
ಕೂಗಿ ಕರೆದಿದ್ದೇನೆ.
ಎಷ್ಟೋ ಸಲ ಕರೆದಿಲ್ಲ.
ಚೀಲದ ತಳದಲ್ಲಿ ಆ ನಾಣ್ಯಗಳ ಸದ್ದು
ರಾತ್ರಿ ಡಿಪೋದಲ್ಲಿ ಬೇರೆಯೇ ಕೇಳಿಸುತ್ತದೆ.

ಪುಸ್ತಕ ನನ್ನದು, ಸರಿ.
ಅದರ ನಡುವಿನ ಎಂಬತ್ತು ಪುಟ ಮುನಿಚಿನ್ನಮ್ಮನದು.
ಮೊದಲ ಟ್ರಿಪ್ಪಿಗೆ ತಾವರೆಕೆರೆಯಲ್ಲಿ ಹತ್ತಿ
ಮಾರ್ಕೆಟ್ಟಿನವರೆಗೆ, ಸೇವಂತಿಗೆ ಕುಕ್ಕೆ ಕಾಲಡಿ ಒತ್ತಿಕೊಂಡು
ಸ್ಟಾಪಿನಿಂದ ಸ್ಟಾಪಿಗೆ ಎರಡು ವರ್ಷ ಹೇಳಿದ್ದು.
ಆಕೆಗೆ ಸೊನ್ನೆ ಟಿಕೆಟ್,
ಕುಕ್ಕೆಗೆ ಮಾತ್ರ ಲಗೇಜು.
"ಆಳು ಬಿಟ್ಟಿ, ಹೂವಿಗೆ ದುಡ್ಡಾ?" ಅಂತ
ದಿನಾ ಅದೇ ಜಗಳ.

ಮೊನ್ನೆ ಕೇಳಿದೆ: ಸಿನಿಮಾ ಆದರೆ ನಿನಗೇನು ಬೇಕು?
ಬಾಳೆನಾರು ಹಲ್ಲಲ್ಲಿ ಕಚ್ಚಿಕೊಂಡೇ ಅಂದಳು:
"ಅದ್ರಲ್ಲಿ ನನ್ ಗಂಡನ್ನ ಒಳ್ಳೇವ್ನು ಮಾಡ್ಬುಟ್ಟೀಯ, ಉಷಾರು."
ಇಳಿಯುವಾಗ, ಮೆಟ್ಟಿಲ ಮೇಲೆ ನಿಂತು:
"ದುಡ್ಡು ಬಂದ್ರೆ ಹೇಳು. ನಾನು ಕೇಳ್ತೀನಿ, ಮರೆಯಾಕಿಲ್ಲ."

ಕಾಫಿ ಕೆನೆಗಟ್ಟಿತ್ತು.
ಇಂಟು ಹಾಕಿದ ಜಾಗ ಬಿಟ್ಟು
ಛಾಪಾ ಕಾಗದ ಮಗುಚಿ ಹಾಕಿ
ಬೆನ್ನಿಗೆ ಐವತ್ತು ಅಂತ ಬರೆದೆ,
ಕೆಳಗೆ ಇನ್ನೊಂದು ಹೆಸರು,
ಸುತ್ತ ಸೊನ್ನೆ. ಕೈಗೆ ಅದೇ ರೂಢಿ.

"ಅಯ್ಯೋ, ಇನ್ನೂರು ರೂಪಾಯಿ ಕಾಗದ!"
ಆರಾಧ್ಯರು ಕನ್ನಡಕ ತೆಗೆದು ಒರೆಸಿದರು,
ಹಾಕಿಕೊಂಡು ಮತ್ತೆ ನೋಡಿದರು,
ಮಾತಾಡೋಣ ಅಂದರು.
ಹೊಸದು ತರಲು ಹುಡುಗನನ್ನು ಓಡಿಸಿದರು, ಐನೂರರ ನೋಟು ಕೊಟ್ಟು.
ಅವನಾಗಲೇ ಅರ್ಧ ಮೆಟ್ಟಿಲು ಇಳಿದಿದ್ದ.
ಕಿಟಕಿಯಿಂದ ಬಗ್ಗಿ, ಇಡೀ ರಸ್ತೆಗೆ ಕೇಳುವಂತೆ
ಕೂಗಿದರು:
"ಲೋ, ಚಿಲ್ಲರೆ ಇಸ್ಕೊಂಡು ಬಾರೋ!"